ಅಪ್ಪನ ಎರಡು ಪ್ರಶ್ನೆ

ಯಾವ ಊರಿಗೆ ಹೋದರೂ ಅಪ್ಪನದು ಎರಡೇ ಪ್ರಶ್ನೆ: ಈ ಊರಿಗೆ ನೀರು ಎಲ್ಲಿಂದ ಬರುತ್ತೆ, ಕೊಳಚೆ ಎಲ್ಲಿಗೆ ಹೋಗುತ್ತೆ? ನೀರು ಸರಬರಾಜಿನ ಎಂಜಿನಿಯರ್ ಆಗಿ ಮೂವತ್ತೆರಡು ವರ್ಷ ಊರೂರು ಅಲೆದು ನಿವೃತ್ತರಾದವರು. ತಿರುಮಲದಲ್ಲಿ ದರ್ಶನದ ಸಾಲಿನಲ್ಲಿ ನಿಂತಾಗಲೂ, ಇಷ್ಟು ಜನಕ್ಕೆ ಬೆಟ್ಟದ ಮೇಲೆ ನೀರು ಹೇಗೆ ಹೊಂದಿಸ್ತಾರೆ ಅಂತ ಪಕ್ಕದವರನ್ನು ವಿಚಾರಿಸಿ, ‘ಗೋವಿಂದಾ ಅನ್ನಿ, ಸಾಕು’ ಎಂದು ಅಮ್ಮನಿಂದ ಬೈಸಿಕೊಂಡಿದ್ದರು.

ಅಂಥವರಿಗೆ ಶಿಕಾಗೊ ತೋರಿಸಲು ನಾನೊಂದು ಪಟ್ಟಿ ಮಾಡಿದ್ದೆ. ಗಂಟೆಗಿಷ್ಟು, ಜಾಗಕ್ಕಿಷ್ಟು ಅಂತ. ನಾವಿರುವುದು ಇಲಿನಾಯ್ ರಾಜ್ಯದ ನಡುಮಧ್ಯೆ, ಬ್ಲೂಮಿಂಗ್ಟನ್ನಿನಲ್ಲಿ. ಸುತ್ತ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಅದು ಬಿಟ್ಟರೆ ಸೋಯಾ. ಅಪ್ಪ ಅಮ್ಮ ಬಂದು ಐದು ತಿಂಗಳಾಗುತ್ತಾ ಬಂದಿತ್ತು. ವಾಲ್‌ಮಾರ್ಟಿನ ಎಲ್ಲ ಸಾಲುಗಳೂ ಅವರಿಗೆ ಬಾಯಿಪಾಠವಾಗಿದ್ದವು. ವಾಪಸ್ ಹೋಗಲು ಇನ್ನು ಐದು ದಿನ ಇದೆ ಅನ್ನುವಾಗ, ಸೆಪ್ಟೆಂಬರ್ ಕೊನೆಯ ಶುಕ್ರವಾರ ಸಂಜೆ, ಡಬ್ಬಿ ತುಂಬ ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಐದು ಜನ ಹೊರಟೆವು. ಎರಡೂವರೆ ಗಂಟೆ ದಾರಿ.

ಪಟ್ಟಿ ಕೆಟ್ಟಿದ್ದು ಊರು ಮುಟ್ಟಿದ ಹತ್ತನೇ ನಿಮಿಷಕ್ಕೆ. ಹೊಳೆಯ ಪಕ್ಕದ ವ್ಯಾಕರ್ ಡ್ರೈವ್ ಅನ್ನುವ ರಸ್ತೆಗೆ ಮಾಳಿಗೆಯಿದೆ. ಮೇಲೊಂದು ರಸ್ತೆ, ಕೆಳಗೊಂದು ರಸ್ತೆ, ಕೆಲವು ಕಡೆ ಅದರ ಕೆಳಗೆ ಇನ್ನೊಂದು. 1926ರಲ್ಲೇ ಕಟ್ಟಿದ್ದು. ನಾವು ಹೇಗೋ ಕೆಳಗಿನದಕ್ಕೆ ಇಳಿದುಬಿಟ್ಟೆವು. ಫೋನಿನ ಜಿಪಿಎಸ್ ನಾವಿನ್ನೂ ಮೇಲೇ ಇದ್ದೇವೆ ಅಂದುಕೊಂಡು ‘ಎಡಕ್ಕೆ ತಿರುಗಿ’ ಅನ್ನುತ್ತಿತ್ತು. ಎಡಕ್ಕೆ ಕಾಂಕ್ರೀಟ್ ಕಂಬ. ಹಳದಿ ದೀಪ, ಕಸದ ಡಬ್ಬಗಳು, ಹೋಟೆಲುಗಳ ಹಿಂಬಾಗಿಲಿಗೆ ಸರಕು ಇಳಿಸುವ ಲಾರಿಗಳು. ಗಂಡ ಬೆವರುತ್ತಿದ್ದ. ಅಮ್ಮ ರಾಯರನ್ನು ನೆನೆಯುತ್ತಿದ್ದಳು. ಅಪ್ಪ ಮಾತ್ರ ಕಿಟಕಿಗೆ ಮೂಗು ಒತ್ತಿ, “ನಿಧಾನಕ್ಕೆ ಹೋಗಿ ಅಳಿಯಂದ್ರೆ, ನಿಧಾನಕ್ಕೆ. ಪೈಪ್ ಎಲ್ಲಾ ಕಾಣಿಸ್ತಿದೆ” ಅಂದರು.

ಮೂರು ಸುತ್ತು ಹಾಕಿದೆವು. ಆಚೆ ಬಂದಾಗ ಆಕಾಶಕ್ಕೆ ಮುಟ್ಟುವ ದೀಪದ ಕಟ್ಟಡಗಳು ಎದುರಿಗಿದ್ದವು. ಎಲ್ಲರೂ ಫೋಟೋ ತೆಗೆಯುವ ನೋಟ. ಅಪ್ಪ ಹಿಂದಕ್ಕೆ ತಿರುಗಿ ನಾವು ಹತ್ತಿ ಬಂದ ಇಳಿಜಾರನ್ನೇ ನೋಡುತ್ತಿದ್ದರು. “ಇಡೀ ಊರಿಗೇ ಮುಚ್ಚಳ ಹಾಕವ್ರಲ್ಲ!”

ಆ ಮಾತು ಎಷ್ಟು ನಿಜ ಅಂತ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ, ದೋಣಿಯಲ್ಲಿ. ಶಿಕಾಗೊ ಹೊಳೆಯ ಮೇಲೆ ಒಂದೂವರೆ ಗಂಟೆ ಸುತ್ತಿಸಿ ಎರಡೂ ದಡದ ಕಟ್ಟಡಗಳನ್ನು ತೋರಿಸುವ ದೋಣಿಗಳಿವೆ. ಆ ಊರಿಗೆ ಹೋದವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಮ್ಮ ಗೈಡ್ ಎಪ್ಪತ್ತರ ಹತ್ತಿರದ ಅಜ್ಜಿ, ಮೈಕು ಹಿಡಿದು ನಿಂತರೆ ಹೈಸ್ಕೂಲ್ ಮೇಡಮ್ಮೇ ಸರಿ. ಮೆಕ್ಕೆಜೋಳದ ತೆನೆಗಳ ಹಾಗೆ ನಿಂತ ಮರೀನಾ ಸಿಟಿಯ ಜೋಡಿ ಗೋಪುರಗಳನ್ನು ತೋರಿಸಿ, ಕೆಳಗಿನ ಹತ್ತೊಂಬತ್ತು ಮಹಡಿ ಬರೀ ಕಾರು ನಿಲ್ಲಿಸೋಕೆ ಅಂದರು. ಟ್ರಿಬ್ಯೂನ್ ಟವರಿನ ಗೋಡೆಯಲ್ಲಿ ತಾಜ್‌ಮಹಲಿನ ಒಂದು ಚೂರೂ ಸೇರಿದೆ ಅಂದರು. ಅಮ್ಮ “ಕೇಳಿ ತಂದ್ರೋ, ಕಿತ್ತುಕೊಂಡು ಬಂದ್ರೋ?” ಅಂತ ನನ್ನ ಕಿವಿಯಲ್ಲಿ ಕೇಳಿದಳು. ಅದನ್ನು ನಾನು ಅನುವಾದ ಮಾಡಲಿಲ್ಲ.

ಅಪ್ಪ ಕಟ್ಟಡ ನೋಡುತ್ತಿರಲಿಲ್ಲ. ದಡದ ಗೋಡೆಯಲ್ಲಿ ಎಲ್ಲೆಲ್ಲಿ ಕೊಳವೆಯ ಬಾಯಿ ಇದೆ ಅಂತ ಎಣಿಸುತ್ತಿದ್ದರು. ಕೊನೆಗೆ ತಡೆಯಲಾಗದೆ, “ಕೇಳಮ್ಮ, ಕೊಳಚೆ ಎಲ್ಲಿಗೆ ಬಿಡ್ತಾರಂತೆ?” ಅಂದರು. ನಾಚಿಕೆಯಾಯಿತು. ಆದರೂ ಕೇಳಿದೆ. ಗೈಡಮ್ಮನ ಮುಖ ಅರಳಿತು. ಈ ಊರಿನ ಇಡೀ ಕಥೆಯೇ ಅದು ಅಂದುಬಿಟ್ಟರು.

ಕಥೆ ಹೀಗೆ. ಶಿಕಾಗೊ ಅನ್ನುವ ಹೆಸರು ಅಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದದ್ದು. ಹೊಳೆಯ ಅಂಚಿನ ಜೌಗಿನಲ್ಲಿ ಬೆಳೆಯುತ್ತಿದ್ದ, ಘಾಟು ವಾಸನೆಯ ಕಾಡು ಈರುಳ್ಳಿಯ ಹೆಸರು. ಅಂಗೈ ಥರ ಸಪಾಟು ಜಾಗ, ಕೆಳಗೆಲ್ಲ ಕೆಸರು. ಚರಂಡಿ ತೋಡೋಣ ಅಂದರೆ ನೀರು ಹರಿಯಲು ಇಳಿಜಾರೇ ಇಲ್ಲ. 1850ರ ದಶಕದಲ್ಲಿ ಎಲಿಸ್ ಚೆಸ್ಬ್ರೋ ಅನ್ನುವ ಎಂಜಿನಿಯರು ಇದಕ್ಕೊಂದು ದಾರಿ ಕಂಡುಹಿಡಿದ. ನೆಲ ಅಗೆದು ಚರಂಡಿ ಹಾಕಲಾಗದಿದ್ದರೆ ನೆಲದ ಮೇಲೆ ಹಾಕೋಣ, ಆಮೇಲೆ ಊರನ್ನೇ ಎತ್ತೋಣ! ಹಾಗೇ ಮಾಡಿದರು. ಇಟ್ಟಿಗೆ ಕಟ್ಟಡಗಳ ತಳಕ್ಕೆ ನೂರಾರು ಸ್ಕ್ರೂ ಜಾಕ್ ಕೊಟ್ಟು, ಜನ ಸಾಲಾಗಿ ನಿಂತು ಒಟ್ಟಿಗೆ ತಿರುವಿ, ಇಂಚಿಂಚಾಗಿ ಮೇಲೆತ್ತಿ, ಅಡಿಗೆ ಹೊಸ ಪಾಯ ಕಟ್ಟಿದರು.

ಚರಂಡಿಯೇನೋ ಹರಿಯಿತು. ಹರಿದು ಹೊಳೆಗೆ ಬಂತು, ಹೊಳೆ ಮಿಷಿಗನ್ ಸರೋವರಕ್ಕೆ ಹೋಯಿತು. ಊರಿನವರು ಕುಡಿಯುತ್ತಿದ್ದುದೂ ಅದೇ ಸರೋವರದ ನೀರು. ದಡದ ನೀರು ಹೊಲಸಾಯಿತೆಂದು 1867ರಲ್ಲಿ ಚೆಸ್ಬ್ರೋ ಸರೋವರದ ತಳದಲ್ಲಿ ಎರಡು ಮೈಲಿ ಸುರಂಗ ಕೊರೆದು, ದೂರದಿಂದ ನೀರೆಳೆದ. ಕೊಳಚೆ ಅಲ್ಲಿಗೂ ಹಿಂಬಾಲಿಸಿತು. ಟೈಫಾಯ್ಡ್ ಬಿಡಲಿಲ್ಲ. ಕೊನೆಗೆ ಹೊಳೆಯನ್ನೇ ತಿರುಗಿಸಿದರು. 28 ಮೈಲಿ ಉದ್ದದ ಕಾಲುವೆಯನ್ನು ಹೊಳೆಗಿಂತ ಆಳವಾಗಿ, ಬಂಡೆ ಸೀಳಿ ತೋಡಿ, 1900ರ ಜನವರಿಯಲ್ಲಿ ಬಾಯಿ ಬಿಟ್ಟಾಗ, ಅಲ್ಲಿಯವರೆಗೆ ಸರೋವರಕ್ಕೆ ಸೇರುತ್ತಿದ್ದ ಹೊಳೆ ಸರೋವರದಿಂದ ಹೊರಕ್ಕೆ ಹರಿಯತೊಡಗಿತು. ಇವತ್ತಿಗೂ ಹಾಗೇ ಹರಿಯುತ್ತಿದೆ.

“ಹರಿದು ಎಲ್ಲಿಗೆ ಹೋಗುತ್ತೆ?” ಎಂದರು ಅಪ್ಪ.

ಇಲಿನಾಯ್ ನದಿಗೆ, ಅಲ್ಲಿಂದ ಮಿಸಿಸಿಪ್ಪಿಗೆ. ಕೆಳಗಡೆ ಸೇಂಟ್ ಲೂಯಿಸ್ ಇದೆ. ಅವರು ಅದೇ ಮಿಸಿಸಿಪ್ಪಿಯ ನೀರು ಕುಡಿಯುವವರು. ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1906ರಲ್ಲಿ ತೀರ್ಪು ಬಂತು: ನಿಮ್ಮ ಕಾಯಿಲೆಗೆ ಇವರ ಕೊಳಚೆಯೇ ಕಾರಣ ಅನ್ನುವುದಕ್ಕೆ ಪುರಾವೆ ಸಾಲದು.

ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ವೃಷಭಾವತಿ ಕೇಸೇ ಇದು. ಬೆಂಗಳೂರಿನ ಬಚ್ಚಲ ನೀರು ವೃಷಭಾವತಿಗೆ, ವೃಷಭಾವತಿಯಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ. ಕೊಳೆ ಎಲ್ಲೂ ಹೋಗಲ್ಲ ಕಣಮ್ಮ, ಮುಂದಿನ ಊರಿಗೆ ಹೋಗುತ್ತೆ ಅಷ್ಟೆ.” ಅಷ್ಟು ಹೇಳಿ, ಮಾರ್ಚ್ ತಿಂಗಳಲ್ಲಿ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಈ ಹೊಳೆಗೆ ಹಸಿರು ಬಣ್ಣ ಹಾಕ್ತಾರೆ ಅಂತ ಗೈಡಮ್ಮ ಹೇಳಿದ್ದನ್ನು ನಾನು ವರದಿ ಮಾಡಿದಾಗ ಮಾತ್ರ ನಕ್ಕರು. ಆ ಪದ್ಧತಿ 1962ರಲ್ಲಿ ಶುರುವಾಗಿದ್ದೇ ಪ್ಲಂಬರುಗಳಿಂದ. ಯಾರ ಮನೆಯ ಕೊಳಚೆ ಕಳ್ಳದಾರಿಯಲ್ಲಿ ಹೊಳೆಗೆ ಸೇರುತ್ತಿದೆ ಎಂದು ಪತ್ತೆಹಚ್ಚಲು ಕೊಳವೆಗೆ ಹಾಕುತ್ತಿದ್ದ ಬಣ್ಣ ಅದು. “ನಾವೂ ಹಾಕ್ತಿದ್ವಿ, ಲೀಕೇಜ್ ಹಿಡಿಯೋಕೆ. ಹಬ್ಬ ಮಾಡ್ಬೋದು ಅಂತ ಹೊಳೀಲಿಲ್ಲ.”

ಮಧ್ಯಾಹ್ನ ಮಿಲೇನಿಯಂ ಪಾರ್ಕಿಗೆ ಹೋದೆವು. ಅದೂ ಒಂದು ಮುಚ್ಚಳವೇ. ರೈಲು ಹಳಿಗಳ, ಕಾರು ನಿಲ್ದಾಣದ ನೆತ್ತಿಯ ಮೇಲೆ ಹಾಸಿದ ಹುಲ್ಲು. ಅಲ್ಲಿನ ಪ್ರಸಿದ್ಧ ಶಿಲ್ಪ ನಮ್ಮ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ್ದು. ಹೆಸರು ಕ್ಲೌಡ್ ಗೇಟ್, ಊರಿನವರ ಬಾಯಲ್ಲಿ ‘ಬೀನ್’. 168 ಸ್ಟೇನ್‌ಲೆಸ್ ಸ್ಟೀಲ್ ತಗಡುಗಳನ್ನು ಬೆಸೆದು, ಬೆಸುಗೆಯ ಗುರುತೇ ಕಾಣದ ಹಾಗೆ ಉಜ್ಜಿದ 110 ಟನ್ನಿನ ಕಾಳು. ಅಮ್ಮ ದೂರದಿಂದಲೇ ನಿಂತು ನೋಡಿ, “ಬೀನ್ಸ್ ಎಲ್ಲಿ ಹೀಗಿರುತ್ತೆ? ಇದು ಹಿತಕಿದ ಅವರೆಕಾಳು” ಎಂದು ತೀರ್ಪು ಕೊಟ್ಟಳು. ಅವಳು ಹೇಳಿದ ಮೇಲೆ ನನಗೆ ಅದು ಬೇರೆ ಥರ ಕಾಣುವುದೇ ಇಲ್ಲ. ಸಿಪ್ಪೆ ಬಿಟ್ಟು ಈಗಷ್ಟೇ ಜಾರಿ ಬಿದ್ದ ಹಾಗೆ, ನುಣ್ಣಗೆ, ಒದ್ದೆಯೊದ್ದೆಯಾಗಿ ಹೊಳೆಯುತ್ತಿತ್ತು. ಹತ್ತಿರ ಹೋದರೆ ಅದರಲ್ಲಿ ಇಡೀ ಊರು ಬಾಗಿ ಕೂತಿತ್ತು. ಹೊಟ್ಟೆಯ ಕೆಳಗೆ ನಿಂತು ಕತ್ತೆತ್ತಿದರೆ ನಮ್ಮ ತಲೆಗಳೇ ನಾಲ್ಕಾರು ಕಡೆ ಎಳೆದಾಡಿದ ಹಾಗೆ ಕಾಣುತ್ತವೆ. ಪುಟ್ಟಿ “ತಾತ ಎಂಟಿದ್ದಾರೆ!” ಅಂತ ಕೂಗಿದಳು. ಕೆಳಗಿನ ಆರಡಿಯನ್ನು ದಿನಕ್ಕೆರಡು ಸಲ ಕೈಯಲ್ಲೇ ಒರೆಸುತ್ತಾರಂತೆ ಅಂದೆ. “ಒರೆಸ್ದೆ ಇದ್ರೆ ಆಗುತ್ತಾ, ಸ್ಟೀಲ್ ಪಾತ್ರೆ ಅಲ್ವಾ” ಅಂದಳು ಅಮ್ಮ.

ಅಮ್ಮನಿಗೆ ನಿಜವಾಗಿ ಬೇಕಿದ್ದುದು ಅಲ್ಲಿಂದ ಐದು ನಿಮಿಷ ನಡೆದರೆ ಸಿಗುವ ಆರ್ಟ್ ಇನ್‌ಸ್ಟಿಟ್ಯೂಟ್. ಚಿತ್ರ ನೋಡಲಿಕ್ಕಲ್ಲ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ ಕಟ್ಟಡ ಅದು. ಏಳನೇ ಕ್ಲಾಸಿನಲ್ಲಿ ಆ ಭಾಷಣವನ್ನು ಒಪ್ಪಿಸಿ ಅವಳು ಗೆದ್ದ ಸ್ಟೀಲ್ ತಟ್ಟೆ ಇವತ್ತಿಗೂ ತುಮಕೂರಿನ ಮನೆಯಲ್ಲಿದೆ, ಅಂಚಿನಲ್ಲಿ ಹೆಸರು ಕೊರೆದದ್ದು. ಮುಂದಿನ ರಸ್ತೆಗೆ ಸ್ವಾಮಿ ವಿವೇಕಾನಂದ ವೇ ಎಂಬ ಕಂದು ಫಲಕವಿದೆ. ಅದರ ಕೆಳಗೆ ನಿಲ್ಲಿಸಿ ಫೋಟೋ ತೆಗೆದೆ. ಮೆಟ್ಟಿಲ ಎರಡೂ ಬದಿಗೆ ಕಂಚಿನ ಸಿಂಹಗಳು, ಹಸಿರುಗಟ್ಟಿವೆ. “ಸ್ವಾಮೀಜಿನೂ ಈ ಸಿಂಹ ನೋಡಿರ್ತಾರೆ ಅಲ್ವಾ?” ಅಂದಳು. ಸಿಂಹ ಬಂದಿದ್ದು ಮುಂದಿನ ವರ್ಷ. ಅವರು ಮಾತಾಡಿದ ಸಭಾಂಗಣವೂ ತಾತ್ಕಾಲಿಕವಾಗಿ ಕಟ್ಟಿದ್ದು, ಈಗಿಲ್ಲ. ಇದನ್ನೆಲ್ಲ ಹೇಳಬಾರದಿತ್ತೇನೋ. ಹೇಳಿಬಿಟ್ಟೆ.

ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕೂತು ಪುಟ್ಟಿಗೆ ಕಥೆ ಹೇಳತೊಡಗಿದಳು. ಭಾಷಣದ ಕಥೆಯಲ್ಲ, ಅದರ ಹಿಂದಿನ ದಿನಗಳದು. ವಿಳಾಸದ ಚೀಟಿ ಕಳೆದುಹೋಗಿ, ರೈಲ್ವೆ ಯಾರ್ಡಿನ ಖಾಲಿ ಡಬ್ಬಿಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಮನೆಮನೆ ಬಾಗಿಲು ತಟ್ಟಿ ಬೈಸಿಕೊಂಡು, ಸುಸ್ತಾಗಿ ರಸ್ತೆಬದಿ ಕೂತ ಸ್ವಾಮೀಜಿಯನ್ನು ಎದುರು ಮನೆಯಿಂದ ಬಂದು ಒಳಗೆ ಕರೆದು ತಿಂಡಿ ಕೊಟ್ಟ ಹೇಲ್ ಅನ್ನುವ ಹೆಂಗಸಿನ ಕಥೆ. “ಆ ಯಮ್ಮ ಬಾಗಿಲು ತೆಗೀದೆ ಇದ್ದಿದ್ರೆ ಭಾಷಣ ಎಲ್ಲಿಂದ ಬರ್ತಿತ್ತು? ಒಂದು ಬೋರ್ಡು ಆಕೆಗೂ ಹಾಕ್ಬೇಕಿತ್ತು.” ಅಮೆರಿಕಕ್ಕೆ ಹೊರಡುವ ಮುಂಚೆ, 1892ರಲ್ಲಿ, ಅವರು ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. 1894ರಲ್ಲಿ ಇದೇ ಶಿಕಾಗೊದಿಂದ ಮಹಾರಾಜರಿಗೆ ಕಾಗದ ಬರೆದರು. ಅದನ್ನೂ ಹೇಳಿದಳು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ ಅನ್ನುವುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅಪ್ಪ ಅಷ್ಟು ಹೊತ್ತೂ ಬೆರಳು ಮಡಚುತ್ತಿದ್ದರು. “1893 ಅಂದ್ರೆ ಹೊಳೆ ಇನ್ನೂ ತಿರುಗಿಸಿರಲಿಲ್ಲ. ಸ್ವಾಮೀಜಿ ಯಾವ ನೀರು ಕುಡಿದ್ರೋ, ಪಾಪ!”

ಸಂಜೆ ಹೊಳೆಯಂಚಿನ ರಿವರ್‌ವಾಕ್‌ಗೆ ಇಳಿದೆವು. ಅಲ್ಲಿ ಒಂದು ಕಡೆ ಘಟ್ಟದ ಮೆಟ್ಟಿಲಿನ ಹಾಗೆ ನೀರಿನವರೆಗೆ ಅಗಲ ಮೆಟ್ಟಿಲುಗಳಿವೆ. ಅಪ್ಪನಿಗೆ ಒಂದು ಅನುಮಾನ ಬೆಳಿಗ್ಗೆಯಿಂದ ಕೊರೆಯುತ್ತಿತ್ತು. ದೋಣಿಯ ಮೇಲಿಂದ ನೋಡಿದರೆ ನೀರು ಯಾವ ಕಡೆಗೂ ಹರಿಯುವಂತೆ ಕಾಣಿಸುವುದಿಲ್ಲ. ಗೈಡು ಹೇಳಿದರೆ ಆಯಿತೇ, ನೋಡಬೇಡವೇ? ಪುಟ್ಟಿ ಕೈಯಲ್ಲಿ ಚೀಸೂ ಕ್ಯಾರಮೆಲ್ಲೂ ಬೆರೆಸಿದ ಪಾಪ್‌ಕಾರ್ನ್ ಪೊಟ್ಟಣ ಇತ್ತು. ಒಂದು ಕಾಳು ಎಸೆದಳು. ಬಾತುಕೋಳಿ ಬಂದು ನುಂಗಿತು. ಎರಡನೆಯದಕ್ಕೆ ಬಾತುಕೋಳಿಯ ಸಂಸಾರವೇ ಬಂತು. ಆಗ ಅಪ್ಪ ಮೆಟ್ಟಿಲ ಮೇಲೆ ಬಿದ್ದಿದ್ದ ಒಂದು ಹಳದಿ ಎಲೆ ಎತ್ತಿಕೊಂಡರು. ಚಪ್ಪಟೆ ಎಲೆ, ಗಾಳಿಗೆ ಸಿಕ್ಕುವುದಿಲ್ಲ ಅಂತ ಪರೀಕ್ಷೆ ಮಾಡಿದರು. ದಡದಗುಂಟ ಹನ್ನೆರಡು ಹೆಜ್ಜೆ ಅಳೆದು, ಆ ತುದಿಗೆ ಪುಟ್ಟಿಯನ್ನು ನಿಲ್ಲಿಸಿದರು. “ಮೂವತ್ತಡಿ. ನಿನ್ನ ಮುಂದೆ ಬಂದ ತಕ್ಷಣ ಕೈ ಎತ್ತು.” ಮಂಡಿಯೂರಿ, ಎಲೆಯನ್ನು ಕೈಯಿಂದ ಬಿಡುವ ಹೊತ್ತಿಗೆ ನನ್ನ ಗಂಡನಿಗೆ “ಹೂಂ” ಅಂದರು, ವಾಚು ನೋಡಲು.

ಎಲೆ ನಿಂತಲ್ಲೇ ಒಂದು ಸುತ್ತು ತಿರುಗಿತು. ದೋಣಿಯೊಂದು ಹೋಗಿ ಅಲೆ ಎದ್ದು, ಎಲೆ ದಡಕ್ಕೆ ಬಂದು ಅಂಟಿಕೊಂಡಿತು. ಮತ್ತೆ ಬಿಟ್ಟರು. ಮತ್ತೆ ದೋಣಿ. ಪಕ್ಕದ ಮೆಟ್ಟಿಲಲ್ಲಿ ಬಿಯರ್ ಹಿಡಿದು ಕೂತಿದ್ದ ಹುಡುಗರಿಬ್ಬರು ಮಾತು ನಿಲ್ಲಿಸಿ ನೋಡತೊಡಗಿದರು. ಐದನೆಯ ಸಲಕ್ಕೆ ಹೊಳೆ ಶಾಂತವಾಗಿತ್ತು. ಎಲೆ ಕೊಂಚ ಯೋಚಿಸಿದ ಹಾಗೆ ಮಾಡಿ, ಸರೋವರಕ್ಕೆ ಬೆನ್ನು ಹಾಕಿ, ಪಶ್ಚಿಮಕ್ಕೆ ಹೊರಟಿತು. ಪುಟ್ಟಿ ಕೈ ಎತ್ತಿದಾಗ ನೂರಾ ಹತ್ತು ಸೆಕೆಂಡ್. ಬಿಯರ್ ಹುಡುಗರು ಚಪ್ಪಾಳೆ ತಟ್ಟಿದರು, ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. “ಮೇಲಿನ ನೀರು ಯಾವಾಗ್ಲೂ ಸ್ವಲ್ಪ ಜೋರು. 0.85ರಿಂದ ಗುಣಿಸ್ಬೇಕು” ಅಂತ ಅಪ್ಪ ಪಾಪ್‌ಕಾರ್ನ್ ಪೊಟ್ಟಣದ ಮೇಲೆ ಲೆಕ್ಕ ಬರೆದರು.

ರಾತ್ರಿ ಊಟಕ್ಕೆ ಡೀಪ್ ಡಿಶ್ ಪಿಜ್ಜಾ. ಬೇಯಲು ಮುಕ್ಕಾಲು ಗಂಟೆ. ಬಾಣಲೆಯಷ್ಟು ಆಳ, ಚೀಸು ಕೆಳಗೆ, ಟೊಮೆಟೊ ಗೊಜ್ಜು ಮೇಲೆ. “ಈ ಊರಲ್ಲಿ ಎಲ್ಲಾ ತಲೆಕೆಳಗು” ಅಂತ ಅಮ್ಮ ಬ್ಯಾಗಿನಿಂದ ಚಟ್ನಿಪುಡಿ ತೆಗೆದಳು. ಬೆಲೆಪಟ್ಟಿಯ ಮೇಲೆ ಶೇಕಡಾ ಹತ್ತನ್ನೂ ಮೀರಿದ ತೆರಿಗೆ ಕೂಡಿ ಬಂದ ಬಿಲ್ಲನ್ನು ನಾನು ಅವಳಿಗೆ ತೋರಿಸಲಿಲ್ಲ.

ಭಾನುವಾರ ಬೆಳಿಗ್ಗೆ ವಿಲ್ಲಿಸ್ ಟವರ್ ಹತ್ತಿದೆವು. ಹಳೆಯ ಹೆಸರು ಸಿಯರ್ಸ್ ಟವರ್, 110 ಮಹಡಿ, 442 ಮೀಟರ್. ಮೇಲೆ ಗೋಡೆಯಿಂದ ಹೊರಕ್ಕೆ ಚಾಚಿದ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಲು ಅಮ್ಮ ಸುತರಾಂ ಒಪ್ಪಲಿಲ್ಲ. ಪುಟ್ಟಿ ಅದರಲ್ಲಿ ಮಲಗಿದಳು. ಇದರ ರಚನೆಯನ್ನು ಲೆಕ್ಕ ಹಾಕಿದವರು ಢಾಕಾದ ಫಜ್ಲುರ್ ರಹಮಾನ್ ಖಾನ್. 1952ರಲ್ಲಿ ಸ್ಕಾಲರ್‌ಶಿಪ್ ಮೇಲೆ ಓದಲು ಬಂದಿದ್ದು ನಮ್ಮ ಮನೆಯಿಂದ ಒಂದು ಗಂಟೆ ದಾರಿಯ ಅರ್ಬಾನಾಕ್ಕೆ. ಒಂಬತ್ತು ಕೊಳವೆಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸಿದ ಹಾಗಿದೆ ಈ ಕಟ್ಟಡ. “ಒಂದು ಊದುಬತ್ತಿ ಬಗ್ಗುತ್ತೆ, ಕಟ್ಟು ಬಗ್ಗಲ್ಲ” ಅಂತ ಅಪ್ಪ ಮೊಮ್ಮಗಳಿಗೆ ಒಂದೇ ಮಾತಲ್ಲಿ ಮುಗಿಸಿದರು.

ಆಮೇಲೆ ಸರೋವರ. 58,000 ಚದರ ಕಿಲೋಮೀಟರ್ ಸಿಹಿನೀರು. ಕರ್ನಾಟಕದ ಮೂರನೇ ಒಂದು ಭಾಗಕ್ಕೆ ಕೊಂಚ ಕಡಿಮೆ. ಅಮ್ಮ ಬಗ್ಗಿ ಬೆರಳದ್ದಿ ನಾಲಿಗೆಗೆ ಇಟ್ಟು, “ಉಪ್ಪೇ ಇಲ್ವಲ್ಲೇ!” ಅಂತ ಬೆರಗಾದಳು. ನೇವಿ ಪಿಯರ್‌ನಲ್ಲಿ ದೊಡ್ಡ ರಾಟೆ ತಿರುಗುತ್ತಿತ್ತು. ಅಪ್ಪ ರಾಟೆಗೆ ಬೆನ್ನು ಹಾಕಿ, ಪಕ್ಕದಲ್ಲಿ ನೀರಿನ ಮೇಲೆ ಹರಡಿದ ಸಪಾಟು ಚಾವಣಿಗಳನ್ನು ನೋಡುತ್ತಾ ನಿಂತಿದ್ದರು. ಅದು ಕುಡಿಯುವ ನೀರಿನ ಜಾರ್ಡೀನ್ ಶುದ್ಧೀಕರಣ ಘಟಕ, ಜಗತ್ತಿನ ಅತಿ ದೊಡ್ಡವುಗಳಲ್ಲೊಂದು. ಒಳಗೆ ಬಿಡುವುದಿಲ್ಲ. ಬೇಲಿಯ ಹೊರಗಿಂದಲೇ ಕಾಲು ಗಂಟೆ ನೋಡಿದರು. ಬೆಂಗಳೂರಿಗೆ ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ತಳ್ಳಿ ತರಬೇಕು. ತುಮಕೂರು ಬುಗುಡನಹಳ್ಳಿ ಕೆರೆಗೆ ಹೇಮಾವತಿ ನಾಲೆಯ ನೀರು ಬರುವುದನ್ನೇ ಕಾಯಬೇಕು. ಅಪ್ಪನ ಎಷ್ಟೋ ಬೇಸಿಗೆಗಳು ಆ ಕಾಯುವಿಕೆಯಲ್ಲಿ, ಟ್ಯಾಂಕರ್ ಲೆಕ್ಕದಲ್ಲಿ, ಬಿಂದಿಗೆ ಹಿಡಿದು ಆಫೀಸಿಗೆ ಬಂದ ಹೆಂಗಸರ ಮುಂದೆ ಕೈಮುಗಿಯುವುದರಲ್ಲಿ ಹೋಗಿವೆ. “ಮನೆ ಬಾಗಿಲಲ್ಲೇ ಇದೆ” ಅಂದರು, ಅಷ್ಟೆ. ಹೊಟ್ಟೆಕಿಚ್ಚೋ ಬೆರಗೋ, ದನಿಯಿಂದ ತಿಳಿಯಲಿಲ್ಲ.

ಮನೆಗೆ ವಾಪಸಾಗುವ ದಾರಿಯಲ್ಲೇ ಲೆಮಾಂಟ್, ಅಲ್ಲಿ ಗುಡ್ಡದ ಮೇಲೆ ರಾಮನ ದೇವಸ್ಥಾನ. ಅಮ್ಮನಿಗೆ ಅಲ್ಲಿ ವಿವೇಕಾನಂದರ ಪ್ರತಿಮೆಯೂ ಸಿಕ್ಕಿತು. ಬೋರ್ಡಿಗಿಂತ ಇದು ವಾಸಿ ಅಂದಳು. ಮಂಗಳಾರತಿ ಮುಗಿಸಿ ಹೊರಟು, ಊರಿನ ಎತ್ತರದ ಸೇತುವೆ ದಾಟುವಾಗ ಕೆಳಗೆ ಗೆರೆ ಎಳೆದ ಹಾಗೆ ನೇರವಾದ ಕಾಲುವೆ, ಅದರಲ್ಲಿ ಆಮೆಯ ಹಾಗೆ ಹೋಗುತ್ತಿರುವ ಉದ್ದನೆಯ ಸರಕು ದೋಣಿ.

“ಇದೇನಾ?” ಎಂದರು ಅಪ್ಪ. ಅದೇ. 1900ರ ಕಾಲುವೆ.

“ತಾತ, ನಮ್ಮ ಎಲೆ ಇಲ್ಲಿಗೆ ಬಂದಿರುತ್ತಾ?”

ಅಪ್ಪ ಜೇಬಿನಿಂದ ಪಾಪ್‌ಕಾರ್ನ್ ಪೊಟ್ಟಣ ತೆಗೆದರು, ಮಡಚಿ ಇಟ್ಟುಕೊಂಡಿದ್ದರು. ಎಣ್ಣೆಯ ಕಲೆಗಳ ನಡುವೆ ಅವರ ಓರೆ ಅಕ್ಷರ. ದಿನಕ್ಕೆ ಆರು ಕಿಲೋಮೀಟರ್. ಅಲ್ಲಿಂದ ಇಲ್ಲಿಗೆ ಹೆಚ್ಚುಕಡಿಮೆ ನಲವತ್ತು. “ಇಲ್ಲ ಪುಟ್ಟಿ. ಶನಿವಾರ ಬರುತ್ತೆ.”

ಬುಧವಾರ ಅವರ ವಿಮಾನ ಹೊರಟಿತು. ಶನಿವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿರುವಾಗ ತುಮಕೂರಿನಿಂದ ಫೋನು. ನಿದ್ದೆ ಸರಿಹೋಗಿಲ್ಲ, ಮನೆಯಲ್ಲಿ ಧೂಳು, ಸಂಪ್‌ಗೆ ಎರಡು ದಿನದಿಂದ ನೀರು ಬಂದಿಲ್ಲ ಅಂತೆಲ್ಲ ಹೇಳಿ ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

“ಪುಟ್ಟಿಗೆ ಕೊಡಮ್ಮ” ಎಂದರು. “ಎಲೆ ಲೆಮಾಂಟ್ ದಾಟಿರಬೇಕು ಅಂತ ಹೇಳ್ಬೇಕಿತ್ತು.”